'ಸಾಕು' ಅನ್ನದ ಮಿದುಳು



ತೊಳೆದ ಕೈಯನ್ನೇ ಹತ್ತು ಸಲ ತೊಳೆಯುವವರು, ಬೀಗ ಹಾಕಿ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಮತ್ತೆ ನೋಡಲು ಬರುವವರು ನಮ್ಮ ನಿಮ್ಮ ಮನೆಗಳಲ್ಲೂ ಇದ್ದಾರೆ. ಮನೆಯವರು ಅತಿ ಮಡಿ ಅನ್ನುತ್ತಾರೆ, ಹಟ ಅನ್ನುತ್ತಾರೆ, ಕೆಲವರು ತಾಯತ ಕಟ್ಟಿಸುತ್ತಾರೆ. ಇದು ಗೀಳು ಕಾಯಿಲೆ, ಓಸಿಡಿ.

ಸಂಡೂರಿನ ಕಡೆಯವರಿಗೆ ಕೆಂಪು ಧೂಳು ಹೊಸದಲ್ಲ. ಕೈ ತೊಳೆದ ಮೇಲೆ 'ಸಾಕು' ಅಂತ ಮನಸ್ಸು ಹೇಳುತ್ತದೆ, ಊಟಕ್ಕೆ ಕೂರುತ್ತೇವೆ. ಗೀಳು ಇದ್ದವರಿಗೆ ಕೈ ಸ್ವಚ್ಛವಾಗಿರುವುದು ಕಾಣುತ್ತದೆ, ಆದರೆ ಆ 'ಸಾಕು' ಬರುವುದಿಲ್ಲ.

ಯಾಕೆ? ಕಣ್ಣುಗುಳಿಗಳ ಮೇಲೆ ಮಿದುಳಿನ ಆರ್ಬಿಟೋಫ್ರಂಟಲ್ ಎಂಬ ಭಾಗವಿದೆ. 'ಏನೋ ತಪ್ಪಾಗಿದೆ' ಎಂಬ ಎಚ್ಚರಿಕೆಯಲ್ಲಿ ಇದರ ಪಾತ್ರವಿದೆ. ಆ ಎಚ್ಚರಿಕೆ ಮಿದುಳಿನ ಆಳದ ಕಾಡೇಟ್ ಭಾಗಕ್ಕೆ ಇಳಿದು, ಥಲಾಮಸ್ ಮೂಲಕ ಮತ್ತೆ ಮುಂಭಾಗಕ್ಕೇ ಬರುತ್ತದೆ. ಕಂಪ್ಲಿಯ ರೈತರಿಗೆ ಬೇಗ ತಿಳಿಯುತ್ತದೆ: ಕಾಡೇಟ್ ಕಾಲುವೆಯ ತೂಬಿನಂತೆ. ಗದ್ದೆಗೆ ನೀರು ಸಾಕಾದಾಗ ಮುಚ್ಚಬೇಕು. ಇಲ್ಲಿ ಸರಿಯಾಗಿ ಮುಚ್ಚುವುದಿಲ್ಲ, ಅದೇ ಯೋಚನೆ ಸುತ್ತಿ ಸುತ್ತಿ ಹರಿಯುತ್ತದೆ. (ಮಿದುಳು ಇಷ್ಟು ಸರಳವಲ್ಲ, ತಿಳಿಯಲಿ ಅಂತ ಹೇಳಿದೆ.) ಸಾಮಾನ್ಯ ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ, ಸ್ಕ್ಯಾನ್ ಬರೆದುಕೊಡಿ ಎಂದು ಡಾಕ್ಟರನ್ನು ಒತ್ತಾಯಿಸಬೇಡಿ. ಅವರು ಕೇಳಿದ್ದಕ್ಕೆ ಮುಚ್ಚಿಡದೆ ಉತ್ತರ ಹೇಳಿ, ಅದೇ ದೊಡ್ಡ ಪರೀಕ್ಷೆ.

ಎಲ್ಲ ಗೀಳೂ ಕೊಳೆಯದಲ್ಲ. ಹಂಪಿಯಲ್ಲಿ ವಿರೂಪಾಕ್ಷನ ಮುಂದೆ ಕೈ ಮುಗಿದು ನಿಂತಾಗಲೇ ದೇವರ ಬಗ್ಗೆ ಅಸಹ್ಯ ಯೋಚನೆ ನುಗ್ಗಿದರೆ ಆ ಜೀವ ಎಷ್ಟು ನರಳೀತು! ಪಾಪ ಮಾಡಿದೆ ಅಂತ ವರ್ಷಗಟ್ಟಲೆ ಯಾರಿಗೂ ಹೇಳದೆ ಕೊರಗುತ್ತಾರೆ. ಅದು ಅವರು ಬಯಸಿದ ಯೋಚನೆಯಲ್ಲ. ಅದೂ ಕಾಯಿಲೆಯೇ.

1992ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ವೈದ್ಯರು ಪೆಟ್ ಸ್ಕ್ಯಾನ್ ಮಾಡಿ ನೋಡಿದಾಗ, ಮಾತ್ರೆಯಿಂದ ಗುಣ ಕಂಡವರಲ್ಲೂ, ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆಯಿಂದ ಗುಣ ಕಂಡವರಲ್ಲೂ ಬಲ ಕಾಡೇಟಿನ ಚಟುವಟಿಕೆ ತಗ್ಗಿತ್ತು. ಅಂದರೆ ಅಭ್ಯಾಸದಿಂದಲೂ ಮಿದುಳು ಬದಲಾಗುತ್ತದೆ. ಆ ಅಭ್ಯಾಸ ಹೀಗೆ: ಕೊಳೆ ಅನಿಸಿದ್ದನ್ನು ಮುಟ್ಟಿ, ತೊಳೆಯದೆ ಕೂರುವುದು. ತಳಮಳ ಏರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ತರಬೇತಿ ಪಡೆದವರ ಹತ್ತಿರ ಹಂತ ಹಂತವಾಗಿ ಮಾಡಬೇಕು. ಮಾತ್ರೆಯ ಪೂರ್ತಿ ಗುಣ ಕಾಣಲು ಎರಡು ಮೂರು ತಿಂಗಳು ಬೇಕು. ಹದಿನೈದು ದಿನಕ್ಕೆ ಬಿಡಬೇಡಿ.

ಜೊತೆಗೆ ಬಂದ ಅಕ್ಕಂದಿರೇ, ಅಣ್ಣಂದಿರೇ, ಬೈಯುವುದರಿಂದ ಇದು ಹೋಗುವುದಿಲ್ಲ. ಅವರ ಬದಲು ನೀವೇ ಬೀಗ ನೋಡಿ ಬಂದರೂ, 'ಸ್ವಚ್ಛ ಇದೆ' ಎಂದು ನೂರು ಸಲ ಹೇಳಿದರೂ ಗೀಳು ಬೆಳೆಯುತ್ತದೆ. ಅದನ್ನು ಮೆಲ್ಲಗೆ ಕಡಿಮೆ ಮಾಡಿ, ಅವರಿಗೆ ಹೇಳಿಯೇ ಮಾಡಿ.

1980ರ ದಶಕದಲ್ಲಿ ಜಿಲ್ಲೆಯಲ್ಲೇ ಮಾನಸಿಕ ಚಿಕಿತ್ಸೆ ಕೊಡುವ ಕ್ರಮವನ್ನು ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಿ, ದೇಶಕ್ಕೆ ಮಾದರಿ ಮಾಡಿತು. ಹೊಸಪೇಟೆ ಆಗ ಅದೇ ಜಿಲ್ಲೆಯಲ್ಲಿತ್ತು. ಅಂಥ ನೆಲದವರಿಗೆ ನಾಚಿಕೆ ಯಾಕೆ? ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು.