ಬಂಗು, ಬೆಳಕು ಮತ್ತು ಹನ್ನೆರಡು ಟ್ಯೂಬು

(ನಮ್ಮ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ಮುಖದ ಕಪ್ಪು ಕಲೆ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದ್ದಾರೆ. ನಾನು ಡಾಕ್ಟರ್ ಅಲ್ಲ. ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ಔಷಧಿ ಅಂಗಡಿಯೊಂದರಲ್ಲಿ ಮಾತ್ರೆ ಎಣಿಸಿ, ಡಬ್ಬಿಗೆ ಚೀಟಿ ಅಂಟಿಸುವ ಕೆಲಸ ನನ್ನದು. ಆದರೂ ಈ ವಿಷಯ ಮಾತಾಡೋಕೆ ಒಪ್ಪಿಕೊಂಡದ್ದು ಯಾಕೆಂದರೆ, ಇದರಲ್ಲಿ ನಾನೊಂದು ತಪ್ಪು ಮಾಡಿದ್ದೇನೆ.

ಮೊದಲು ನನ್ನ ಕಥೆ. ಆಗ ನಾವು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೆವು. 2015ರಲ್ಲಿ ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಎರಡೂ ಕೆನ್ನೆಯ ಮೇಲೆ, ಮೇಲ್ದುಟಿಯ ಮೇಲೆ ಕಂದು ಬಣ್ಣದ ಕಲೆ ಬಂತು. ನಮ್ಮ ಅಜ್ಜಿಯರು ಬಂಗು ಅಂತಿದ್ದರಲ್ಲ, ಅದೇ. ಹೆರಿಗೆ ಆದ ಮೇಲೆ ಕೆಲವರಿಗೆ ತಾನಾಗಿ ತಿಳಿಯಾಗುತ್ತದೆ, ನನಗೆ ಆಗಲಿಲ್ಲ. ವಿಡಿಯೋ ಕಾಲ್ ಮಾಡಿದರೆ ಊರಿಂದ ಮೊದಲ ಮಾತೇ, "ಏನೇ, ಇಷ್ಟು ಕಪ್ಪಗಾಗಿದ್ದೀಯ? ಅಮೆರಿಕದಲ್ಲಿ ಬಿಸಿಲೇ ಇಲ್ವಂತಲ್ಲ!" ಆಮೇಲೆ ನಾನು ಕ್ಯಾಮೆರಾನ ಮಗುವಿನ ಕಡೆ ತಿರುಗಿಸಿಯೇ ಮಾತಾಡುತ್ತಿದ್ದೆ.

ಇಲ್ಲಿ ಚರ್ಮದ ಡಾಕ್ಟರ್ ಹತ್ತಿರ ದಿನ ಸಿಗಬೇಕಾದರೆ ತಿಂಗಳುಗಟ್ಟಲೆ ಕಾಯಬೇಕು. ಸೌಂದರ್ಯದ ವಿಷಯ ಅಂತ ಇನ್ಶೂರೆನ್ಸ್‌ನವರು ದುಡ್ಡು ಕೊಡದಿರುವುದೂ ಉಂಟು. ಅದಕ್ಕೇ 2017ರಲ್ಲಿ ಬೆಂಗಳೂರಿಗೆ ಹೋದಾಗ ನೆಂಟರೊಬ್ಬರು ಹೇಳಿದ ಕ್ರೀಮು ತಗೊಂಡೆ. ಮೂರೇ ವಾರದಲ್ಲಿ ಮುಖ ಕನ್ನಡಿ ಹಾಗೆ! ಖುಷಿಯಲ್ಲಿ ಹನ್ನೆರಡು ಟ್ಯೂಬು ಕೊಂಡು, ಚಟ್ನಿಪುಡಿ ಪ್ಯಾಕೆಟ್ಟಿನ ಮಧ್ಯೆ ಇಟ್ಟು ತಂದೆ. ಗೆಳತಿಯರಿಗೂ ಹಂಚಿದೆ.

ಆ ಟ್ಯೂಬಿನಲ್ಲಿ ಏನಿತ್ತು ಅಂತ ನಾನು ಓದಿದ್ದು ತುಂಬಾ ತಡವಾಗಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. ಈ ಮೂರರ ಮಿಶ್ರಣ ವಿಷವೇನೂ ಅಲ್ಲ. 1975ರಲ್ಲೇ ಫಿಲಡೆಲ್ಫಿಯಾದ ಕ್ಲಿಗ್‌ಮನ್ ಎಂಬ ಚರ್ಮವೈದ್ಯರು ಇಂಥದ್ದನ್ನು ಪ್ರಕಟಿಸಿದ್ದರು. ಇಲ್ಲೂ ಡಾಕ್ಟರು ಬಂಗಿಗೆ ಬರೆದುಕೊಡುತ್ತಾರೆ, ಆದರೆ ಸುಮಾರು ಎಂಟು ವಾರಕ್ಕೆ, ತಮ್ಮ ಕಣ್ಣಳತೆಯಲ್ಲಿ. ನಾವು ಅದನ್ನು ಪೌಡರ್ ತರಹ ವರ್ಷಗಟ್ಟಲೆ ಹಚ್ಚಿದೆವು. ಸ್ಟೀರಾಯ್ಡ್ ತುಂಬಾ ದಿನ ಬಿದ್ದರೆ ಮುಖದ ಚರ್ಮ ತೆಳ್ಳಗಾಗುತ್ತದೆ, ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಕೂದಲೂ ಬೆಳೆಯುತ್ತದೆ.

ನಾವು ಮಿಷಿಗನ್‌ಗೆ ಬಂದಮೇಲೆ ಒಂದು ರಾತ್ರಿ ಶಿಕಾಗೋ ಕಡೆಯಿಂದ ನನ್ನ ಕಿರಿಯ ಗೆಳತಿಯೊಬ್ಬಳ ಫೋನು. "ಅಕ್ಕಾ, ಕ್ರೀಮ್ ಬಿಟ್ರೆ ಮುಖ ಬೆಂಕಿ ಬಿದ್ದಂಗೆ ಉರಿಯುತ್ತೆ. ಹಚ್ಚಿದ್ರೆ ಮಾತ್ರ ತಣ್ಣಗಾಗುತ್ತೆ. ಏನ್ ಮಾಡ್ಲಿ?" ಅವಳಿಗೆ ಬಂಗೂ ಇರಲಿಲ್ಲ, ಏನೂ ಇರಲಿಲ್ಲ. ತಮ್ಮನ ಮದುವೆಗೆ ಸ್ವಲ್ಪ ಬೆಳ್ಳಗೆ ಕಾಣಬೇಕು ಅಂದಿದ್ದಳು, ನಾನು ಎರಡು ಟ್ಯೂಬು ಕೊಟ್ಟಿದ್ದೆ. ಆ ಮದುವೆಗೆ ಅವಳು ಹೋಗಲೇ ಇಲ್ಲ. ಯಾರು ಕೊಟ್ಟರು ಅಂತ ಡಾಕ್ಟರ್ ಕೇಳಿದಾಗ "ಪರಿಚಯದವರು" ಅಂದಳಂತೆ, ನನ್ನ ಹೆಸರು ಹೇಳಲಿಲ್ಲ. ಚರ್ಮ ಸರಿಹೋಗಲು ಒಂದು ವರ್ಷದ ಮೇಲೆ ಹಿಡಿಯಿತು. ಅವಳನ್ನು ಕೇಳಿಯೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ.

ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದು ಅಂತ ಭಾರತದಲ್ಲೇ 2018ರಲ್ಲಿ ನಿಯಮ ಬಂತು. ಇಲ್ಲಿ 2020ರಿಂದ ಹೈಡ್ರೋಕ್ವಿನೋನ್ ಕೂಡ ಚೀಟಿಯಿಲ್ಲದೆ ಸಿಗುವುದಿಲ್ಲ. ಹೆಸರಿಲ್ಲದ, ಒಳಗೆ ಏನಿದೆ ಅಂತ ಬರೆಯದ "ಬಿಳುಪಿನ" ಕ್ರೀಮುಗಳದ್ದು ಇನ್ನೂ ದೊಡ್ಡ ಅಪಾಯ. ಕೆಲವದರಲ್ಲಿ ಪಾದರಸ ಇರುತ್ತದೆ. ಕೇರಳದ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡದ ಕಾಯಿಲೆಯವರನ್ನು ವಿಚಾರಿಸಿದಾಗ, 15 ಜನರಲ್ಲಿ 13 ಜನ ಇಂಥ ಕ್ರೀಮು ಹಚ್ಚಿದವರೇ ಆಗಿದ್ದರು. ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೋಗಿ ಮುಟ್ಟುತ್ತದೆ ನೋಡಿ.

ಸರಿ, ಕಲೆ ಬರೋದು ಯಾಕೆ? ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಒಂದೊಂದು ಕಡೆ ಜಾಸ್ತಿ ತಯಾರಾದರೆ ಅದೇ ಕಲೆ. ಬಂಗಿಗೆ ಬಸಿರು, ಗರ್ಭನಿರೋಧಕ ಮಾತ್ರೆ, ಮನೆತನ ಕಾರಣವಾಗಬಹುದು. ಎಲ್ಲದರ ಮೇಲೆ ಬೆಳಕು. ಮೊಡವೆ ಕಿವುಚಿದರೆ, ಗಾಯವಾದರೆ, ತುರಿಸಿಕೊಂಡರೆ ಉಳಿಯುವ ಕಲೆ ಬೇರೆ. ಅದು ನಮ್ಮಂಥ ಕಂದು ಚರ್ಮದಲ್ಲಿ ಹೆಚ್ಚು ದಿನ ಉಳಿಯುತ್ತದೆ. ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟು ಇನ್ನೂ ಕಪ್ಪಾಗುತ್ತದೆ.

ಬೆಳಕು ಅಂದೆನಲ್ಲ, ಅದಕ್ಕೆ ಎರಡು ಉದಾಹರಣೆ ನಮ್ಮ ಈ ಎರಡು ಊರಿನವೇ. 2012ರಲ್ಲಿ ಶಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವೈದ್ಯರು 69 ವರ್ಷದ ಒಬ್ಬ ಟ್ರಕ್ ಚಾಲಕರ ಫೋಟೋ ಪ್ರಕಟಿಸಿದರು. 28 ವರ್ಷ ಡೆಲಿವರಿ ಟ್ರಕ್ ಓಡಿಸಿದವರು. ಬಲಗೆನ್ನೆ ವಯಸ್ಸಿಗೆ ತಕ್ಕಂತಿದೆ, ಕಿಟಕಿ ಕಡೆಯ ಎಡಗೆನ್ನೆ ಮಾತ್ರ ದಪ್ಪಗಾಗಿ ಸುಕ್ಕು ಸುಕ್ಕಾಗಿದೆ. ಕಿಟಕಿ ಗಾಜು ಯುವಿ-ಬಿ ಕಿರಣವನ್ನು ತಡೆಯುತ್ತದೆ, ಯುವಿ-ಎ ಒಳಗೆ ನುಗ್ಗುತ್ತದೆ. ಐ-94ರಲ್ಲಿ ದಿನಾ ಗಂಟೆಗಟ್ಟಲೆ ಕಾರು ಓಡಿಸುವವರು ಇವತ್ತು ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳಿ.

ಎರಡನೆಯದು ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯದು. ಕಣ್ಣಿಗೆ ಕಾಣುವ ಬೆಳಕನ್ನೇ ಚರ್ಮದ ಮೇಲೆ ಬಿಟ್ಟು ನೋಡಿ 2010ರಲ್ಲಿ ಅವರು ಪ್ರಕಟಿಸಿದ್ದು ಇದು: ಬಿಳಿ ಚರ್ಮದವರಲ್ಲಿ ಕಲೆ ಮೂಡಲಿಲ್ಲ, ಕಂದು ಮತ್ತು ಕಪ್ಪು ಚರ್ಮದವರಲ್ಲಿ ಗಾಢವಾಗಿ ಮೂಡಿ ಬಹಳ ದಿನ ಉಳಿಯಿತು. ಅಂದರೆ ಬಿಳಿ ಜನಕ್ಕೆ ಸಾಕಾಗುವ ಸನ್‌ಸ್ಕ್ರೀನು ನಮ್ಮ ಬಂಗಿಗೆ ಸಾಲದು. ಬಣ್ಣ ಬೆರೆಸಿದ್ದು, ಐರನ್ ಆಕ್ಸೈಡ್ ಇರುವುದು ಬೇಕು. ನಮ್ಮೂರ ಕೆಮ್ಮಣ್ಣಿಗೆ ಕೆಂಪು ಕೊಡೋದೂ ಅದೇ ಕಬ್ಬಿಣದ ಆಕ್ಸೈಡು. ಎಸ್‌ಪಿಎಫ್ 30 ಅಥವಾ ಹೆಚ್ಚಿರಲಿ. ಎರಡು ಬೆರಳುದ್ದ ತಗೊಂಡು ಮುಖ ಕುತ್ತಿಗೆಗೆ ಹಚ್ಚಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಚಳಿಗಾಲ ಅಂತ ಬಿಡಬೇಡಿ, ಹೊಸ ಹಿಮ ಯುವಿ ಕಿರಣವನ್ನು ಶೇಕಡಾ 80ರವರೆಗೂ ಮುಖಕ್ಕೆ ವಾಪಸ್ ಎಸೆಯುತ್ತದೆ.

ಇದು ಮೊದಲ ಚಿಕಿತ್ಸೆ. ಆಮೇಲೆ ಅಜೆಲೇಯಿಕ್ ಆಸಿಡ್‌ನಂಥ ಕ್ರೀಮು, ಬೇಕಾದರೆ ಆ ಮೂರರ ಮಿಶ್ರಣ, ಎಲ್ಲ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ. ಬಸುರಿಯರು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮುಟ್ಟಬೇಡಿ. ಲೇಸರ್ ನಮ್ಮ ಚರ್ಮದಲ್ಲಿ ಕಲೆಯನ್ನು ಹೆಚ್ಚಿಸಲೂಬಹುದು, ವಿಚಾರಿಸಿ ಮಾಡಿಸಿ. ಬಂಗು ಹತೋಟಿಗೆ ಬರುತ್ತದೆ, ಆದರೆ ಬೆಳಕಿಗೆ ಅಸಡ್ಡೆ ಮಾಡಿದರೆ ಮತ್ತೆ ಬರುತ್ತದೆ.

ಅಣ್ಣತಮ್ಮಂದಿರಿಗೆ ಒಂದು ಮಾತು. ನಮ್ಮ ಯಜಮಾನರ ಕುತ್ತಿಗೆ ಹಿಂದೆ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪಗಾಗಿತ್ತು. ಕೊಳೆ ಅಂತ ನಾನು ತೆಂಗಿನ ನಾರಿನಲ್ಲಿ ತಿಕ್ಕಿದ್ದೇ ತಿಕ್ಕಿದ್ದು. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿ ದಾಟುವುದರಲ್ಲಿತ್ತು. ಅಂಥ ಕುತ್ತಿಗೆ ಕಂಡರೆ ನಿಮ್ಮ ಮಾಮೂಲಿ ಡಾಕ್ಟರಿಗೆ ತೋರಿಸಿ. ಹಾಗೆಯೇ ಅಂಗಾಲು, ಅಂಗೈ, ಉಗುರಿನ ಕೆಳಗೆ ಹೊಸದಾಗಿ ಬಂದು ಬೆಳೆಯುವ ಕಪ್ಪು ಕಲೆಯನ್ನು ಕಡೆಗಣಿಸಬೇಡಿ. ಗಾಯಕ ಬಾಬ್ ಮಾರ್ಲಿ 1981ರಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಕ್ಯಾನ್ಸರಿನಿಂದ.

ಉಳಿದ ಟ್ಯೂಬು ನಿಮ್ಮ ಬಚ್ಚಲುಮನೆ ಕಪಾಟಿನಲ್ಲಿದ್ದರೆ ಅದನ್ನು ಡಾಕ್ಟರ್ ಹತ್ತಿರ ತಗೊಂಡು ಹೋಗಿ ತೋರಿಸಿ, ನಾಚಿಕೆ ಬೇಡ. ಊರಿಗೆ ಹೋದಾಗ ಚಟ್ನಿಪುಡಿ ಎಷ್ಟು ಬೇಕಾದರೂ ತನ್ನಿ, ಎಲ್ಲರಿಗೂ ಹಂಚಿ. ಟ್ಯೂಬು ಮಾತ್ರ ಬೇಡ. ನನ್ನ ಕೆನ್ನೆ ಮೇಲೆ ಇನ್ನೂ ಸ್ವಲ್ಪ ಬಂಗು ಉಳಿದಿದೆ. ಈಗ ಕ್ಯಾಮೆರಾ ತಿರುಗಿಸುವುದಿಲ್ಲ.