ಶಾಂತಿಮಾರ್ಗದಿಂದ ಸಾಮಾಜಿಕ ನ್ಯಾಯ



ಅನ್ಯಾಯವನ್ನು ಕಂಡೂ ಮೌನವಾಗಿರುವುದನ್ನೇ ನಾವು ಎಷ್ಟೋ ವೇಳೆ ಶಾಂತಿಯೆಂದು ಭಾವಿಸುತ್ತೇವೆ. ಗುರುಗಳಾದ ನಾವೂ ಈ ತಪ್ಪಿಗೆ ಹೊರತಲ್ಲ. ಆದುದರಿಂದ ಇಂದು ಫಿಲಿಪ್ಪೀನ್ಸ್ ದೇಶದ ಜನರನ್ನು ಸ್ಮರಿಸೋಣ.

1972ರಲ್ಲಿ ಅಧ್ಯಕ್ಷ ಮಾರ್ಕೋಸರು ಅಲ್ಲಿ ಸೈನಿಕ ಶಾಸನವನ್ನು ಹೇರಿದರು. 1983ರಲ್ಲಿ ವಿರೋಧ ಪಕ್ಷದ ನಾಯಕ ಬೆನಿಗ್ನೋ ಅಕಿನೋ ಮನಿಲಾ ವಿಮಾನ ನಿಲ್ದಾಣದಲ್ಲೇ ಗುಂಡಿಗೆ ಬಲಿಯಾದರು. 1986ರ ಫೆಬ್ರವರಿ 7ರ ಚುನಾವಣೆಯಲ್ಲಿ ಮೋಸ ನಡೆದಾಗ, ಆ ದೇಶದ ಬಿಷಪರು ಅದನ್ನು ಬಹಿರಂಗವಾಗಿ ಖಂಡಿಸಿ, ಅಹಿಂಸೆಯಿಂದಲೇ ಅನ್ಯಾಯವನ್ನು ಎದುರಿಸಬೇಕೆಂದು ಕರೆಯಿತ್ತರು. ಅದೇ ತಿಂಗಳ 22ರಂದು ಸೈನ್ಯದ ಒಂದು ಭಾಗವು ಮಾರ್ಕೋಸರ ವಿರುದ್ಧ ತಿರುಗಿ ನಿಂತಿತು. ಅವರನ್ನು ಕಾಪಾಡಲು ಜನರು ಹೊರಬರಬೇಕೆಂದು ಕಾರ್ಡಿನಲ್ ಹೈಮೆ ಸಿನ್ ರೇಡಿಯೋ ವೆರಿತಾಸ್ ಮೂಲಕ ಬೇಡಿಕೊಂಡರು. ಲಕ್ಷಾಂತರ ಮಂದಿ ಎಡ್ಸಾ ಹೆದ್ದಾರಿಯಲ್ಲಿ ನೆರೆದರು. ಕನ್ಯಾಸ್ತ್ರೀಯರು ಜಪಸರ ಹಿಡಿದು ಟ್ಯಾಂಕುಗಳ ಮುಂದೆ ಮೊಣಕಾಲೂರಿದರು. ಜನರು ಸೈನಿಕರಿಗೆ ಹೂವು, ಆಹಾರಗಳನ್ನಿತ್ತರು. ಟ್ಯಾಂಕುಗಳು ಹಿಂದಿರುಗಿದವು. 25ರಂದು ಮಾರ್ಕೋಸರು ದೇಶವನ್ನು ತೊರೆದರು. ಅಕಿನೋರವರ ವಿಧವೆ ಕೊರಜೋನ್ ಅಧ್ಯಕ್ಷರಾದರು.

ಆದರೆ ಬಡ ರೈತನ ಹೊಲದ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. 1987ರ ಜನವರಿಯಲ್ಲಿ ಭೂಮಿಯನ್ನು ಕೇಳುತ್ತ ಮೆರವಣಿಗೆ ಬಂದವರ ಮೇಲೆ ಅದೇ ಮನಿಲಾದಲ್ಲಿ ಗುಂಡು ಹಾರಿತು. ಅಧಿಕಾರವು ನಾಲ್ಕು ದಿನಗಳಲ್ಲಿ ಬದಲಾಗಬಹುದು. ನ್ಯಾಯಕ್ಕೆ ದೀರ್ಘ ಸಾಧನೆ ಬೇಕು.

ನೂರು ವರ್ಷ ತುಂಬಿದ ಈ ದೇವಾಲಯದಲ್ಲಿ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ನಾವು, ಹೊಸ್ತಿಲು ದಾಟಿದೊಡನೆ ಜಾತಿಯನ್ನು ನೆನೆಯುತ್ತೇವೆಯೇ? ಕೂಲಿಯವರಿಗೆ ಸಲ್ಲಬೇಕಾದುದನ್ನು ಸಲ್ಲಿಸಿದ್ದೇವೆಯೇ? ನಮ್ಮ ಶಾಂತಿಯುತ ಹೋರಾಟವು ನಮ್ಮ ಮನೆಯಂಗಳದಿಂದಲೇ ಆರಂಭವಾಗಲಿ. ದೇವರು ನಮ್ಮೆಲ್ಲರನ್ನು ಆಶೀರ್ವದಿಸಲಿ.