ಮುಖವೂ ಹೆಸರೂ

ಮುದ್ದೇಬಿಹಾಳ ತಾಲ್ಲೂಕಿನ ಒಂದು ತಾಂಡಾಕ್ಕೆ ನಾವು ಭಾವಚಿತ್ರಗಳನ್ನು ತೆಗೆಯಲೆಂದು ಹೋಗಿದ್ದೆವು. ಸುಗ್ಗಿ ಮುಗಿದಿತ್ತು. ದುಡಿಯಬಲ್ಲವರು ಬಹುಮಟ್ಟಿಗೆ ಗೋವೆಗೂ ಮಹಾರಾಷ್ಟ್ರದ ಕಡೆಗೂ ಕೂಲಿಗೆ ಹೊರಟುಹೋಗಿದ್ದರು. ಮನೆಗಳಲ್ಲಿ ಮುದುಕರೂ ಮಕ್ಕಳೂ ಉಳಿದಿದ್ದರು. ಒಬ್ಬ ವೃದ್ಧೆಯ ಮನೆಯಲ್ಲಿ ಕನ್ನಡಿಯ ಚೂರುಗಳನ್ನೂ ಕವಡೆಗಳನ್ನೂ ಹೊಲಿದ ಹಳೆಯ ಕಾಂಚಳಿ, ಫೇಟಿಯಾಗಳು ಗೂಟಕ್ಕೆ ತೂಗುತ್ತಿದ್ದುದನ್ನು ಕಂಡು, ಅವನ್ನು ಧರಿಸಿ ಕುಳಿತುಕೊಳ್ಳಬೇಕೆಂದು ಕೇಳಿಕೊಂಡೆವು. ಆಕೆ ನಕ್ಕು, "ಅವು ನಮ್ಮತ್ತೀವರೀ ಯಪ್ಪಾ. ನಾ ಉಡೂದು ಸೀರಿ. ಸೀರ್ಯಾಗ ತಗೀರಿ, ಗೋವಾದಾಗಿನ ಮಗಳು ಕೇಳ್ಯಾಳ" ಎಂದಳು.

ಸೀರೆಯಲ್ಲಿಯೇ ಚಿತ್ರ ತೆಗೆದೆವು. ಆದರೆ ಏನೋ ಕೈತಪ್ಪಿ ಹೋದಂತೆ ನಮಗೆ ತೋರಿತೆಂಬುದನ್ನು ಶ್ರೋತೃಗಳಿಂದ ಮುಚ್ಚಿಡುವುದಿಲ್ಲ. ಆಕೆಯನ್ನು ಬಿಟ್ಟು 'ಲಂಬಾಣಿ ಸ್ತ್ರೀ' ಎಂಬ ಮಾದರಿಯೊಂದನ್ನು ನಾವು ಅರಸಿಕೊಂಡು ಹೋಗಿದ್ದೆವು.

ಈ ಚಾಳಿ ನಮ್ಮಿಂದ ಆರಂಭವಾದುದಲ್ಲ. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಎಂಬವರು ಸಂಪಾದಿಸಿದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಗ್ರಂಥವು 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ 450ಕ್ಕೂ ಮೇಲ್ಪಟ್ಟ ಛಾಯಾಚಿತ್ರಗಳಿವೆ. ದೊರೆಗಳಿಗೂ ಸರದಾರರಿಗೂ ಹೆಸರುಂಟು. ಬಡವರ ಚಿತ್ರದ ಕೆಳಗೆ ಬಹುಮಟ್ಟಿಗೆ ಜಾತಿ, ಕಸುಬು, ಊರುಗಳಷ್ಟೆ. 1869ರಲ್ಲಿ ಲ್ಯಾಂಪ್ರಿ ಎಂಬಾತನು ರೇಷ್ಮೆಯ ದಾರಗಳಿಂದ ಎರಡೆರಡು ಅಂಗುಲದ ಚೌಕಗಳನ್ನು ಕಟ್ಟಿದ ಪರದೆಯ ಮುಂದೆ ಮನುಷ್ಯರನ್ನು ಬೆತ್ತಲಾಗಿ ನಿಲ್ಲಿಸಿ ಚಿತ್ರ ತೆಗೆಯುವ ಕ್ರಮವನ್ನು ಸೂಚಿಸಿದನು. ಬಟ್ಟೆಯ ವ್ಯಾಪಾರಿಯು ಗಜ ಹಿಡಿದು ಅಳೆಯುವಂತೆ ದೇಹಗಳನ್ನು ಅಳೆದು ಹೋಲಿಸುವುದು ಇದರ ಉದ್ದೇಶ.

ಅಳತೆಯು ಗ್ರಂಥಾಲಯದಲ್ಲಿಯೇ ಉಳಿದಿದ್ದರೆ ಅಷ್ಟಾಗಿ ಚಿಂತೆಯಿರಲಿಲ್ಲ. ಅದೇ ಕಾಲದಲ್ಲಿ, ಎಂದರೆ 1871ರಲ್ಲಿ, ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಗಣಿಸುವ ಕಾಯಿದೆಯೊಂದು ಬಂದಿತು. 1911ರ ತಿದ್ದುಪಡಿಯಾದ ಕಾಯಿದೆಯು ಇದನ್ನು ದೇಶದ ಇತರ ಪ್ರಾಂತಗಳಿಗೂ ಹಬ್ಬಿಸಿತು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ವಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ಅಂಥವರಿಗಾಗಿ ವಸಾಹತು ಏರ್ಪಟ್ಟಿತು. ದಾಖಲೆಯಲ್ಲಿ ಬೆರಳಚ್ಚು, ಹಾಜರಿ ಪುಸ್ತಕದಲ್ಲಿ ಗುರುತು, ಊರು ಬಿಡಬೇಕಾದರೆ ಅಪ್ಪಣೆ. 1920ರ ಇನ್ನೊಂದು ಕಾಯಿದೆಯು ಬಂಧಿತರ ಅಳತೆಯನ್ನೂ ಛಾಯಾಚಿತ್ರವನ್ನೂ ತೆಗೆದುಕೊಳ್ಳುವ ಅಧಿಕಾರವನ್ನು ಕೊಟ್ಟಿತು. ಸಮುದಾಯಗಳ ಮೇಲಿನ ಕಾಯಿದೆಯು 1952ರಲ್ಲಿ ರದ್ದಾಯಿತು. ಆದರೆ ಆ ಸಮುದಾಯಗಳ ಮಕ್ಕಳನ್ನು ನೋಡುವ ಸಂಶಯದ ಕಣ್ಣು ಅದೇ ದಿನ ಮುಚ್ಚಲಿಲ್ಲ.

ಈ ಚಿತ್ರಗಳಿಗೆ ಚಿತ್ರದಿಂದಲೇ ಉತ್ತರ ಕೊಟ್ಟವರು ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಕಲೆಯನ್ನು ಕಲಿತ ಈಕೆ, ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರವರೆಗೆ ದಕ್ಷಿಣ ಭಾರತದ ದೇಶೀ ಸ್ತ್ರೀಯರನ್ನು ಕುರಿತ ಮಾಲಿಕೆಯೊಂದನ್ನು ರಚಿಸಿದರು. ಅದರಲ್ಲಿ ರವಿವರ್ಮನ ಲಕ್ಷ್ಮಿಯೂ ಪುಷ್ಪಮಾಲಾ ಅವರೇ. ಚೌಕಳಿ ಪರದೆಯ ಮುಂದೆ ನಿಂತ ಬುಡಕಟ್ಟಿನ ಹೆಂಗಸೂ ಅವರೇ. ಪೊಲೀಸರ ಕೈಗೆ ಸಿಕ್ಕಿ ಪತ್ರಿಕೆಯಲ್ಲಿ ಅಚ್ಚಾದ ಇಬ್ಬರಲ್ಲಿ ಒಬ್ಬಳೂ ಅವರೇ. ಒಂದೇ ಮುಖವು ದೇವಿಯಾಗಿಯೂ ಅಪರಾಧಿಯಾಗಿಯೂ ಕಾಣುವಾಗ, ವ್ಯತ್ಯಾಸವು ಮುಖದಲ್ಲಿಲ್ಲ, ಪರದೆಯಲ್ಲಿಯೂ ಉಡುಪಿನಲ್ಲಿಯೂ ಇದೆಯೆಂದು ನೋಡುವವನಿಗೆ ಹೊಳೆಯದಿರದು. ನೋಡುತ್ತ ನಗು ಬರುತ್ತದೆ. ಆ ನಗು ನಮ್ಮ ಕಡೆಗೇ ತಿರುಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಹಾಗೆಂದು ಪರದೆಯೆಲ್ಲ ಮೋಸವೆಂದು ಹೇಳಲಾರೆವು. ಪೇಟೆಯ ಹಳೆಯ ಸ್ಟುಡಿಯೊಗಳಲ್ಲಿ ಕಾರಂಜಿ, ಮಹಲುಗಳನ್ನು ಬರೆದ ಪರದೆಯ ಮುಂದೆ, ಎರವಲು ಕೋಟನ್ನು ತೊಟ್ಟು, ಕೈಗಡಿಯಾರ ಕಾಣುವಂತೆ ಮುಂಗೈಯನ್ನು ಮುಂದೆ ಚಾಚಿ ಕುಳಿತ ಬೇಸಾಯಗಾರನು ಯಾರನ್ನೂ ವಂಚಿಸಲಿಲ್ಲ. ತಾನು ಹೇಗೆ ಕಾಣಬೇಕೆಂಬುದನ್ನು ತಾನೇ ಆರಿಸಿಕೊಂಡನು, ಅದಕ್ಕೆ ತಾನೇ ಹಣ ತೆತ್ತನು. ಈಗಿನ ಆಧಾರ್ ಚೀಟಿಯಲ್ಲಿ ಆ ಭಾಗ್ಯವಿಲ್ಲ. ಅದರಲ್ಲಿನ ತಮ್ಮ ಮುಖವನ್ನು ಕಂಡು ಮೆಚ್ಚಿದವರನ್ನು ನಾವು ಇದುವರೆಗೆ ಕಂಡಿಲ್ಲ. ಆದರೂ ಅನ್ನವೂ ಪಿಂಚಣಿಯೂ ಆ ಚೀಟಿಯ ಬೆನ್ನು ಹಿಡಿದೇ ಬರಬೇಕಾಗಿರುವುದರಿಂದ ಬಡವರು ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟುಕೊಳ್ಳುತ್ತಾರೆ.

ಒಂದು ತಿಂಗಳಾದ ಮೇಲೆ ಅಚ್ಚು ಹಾಕಿಸಿದ ಪ್ರತಿಯನ್ನು ತೆಗೆದುಕೊಂಡು ಪುನಃ ತಾಂಡಾಕ್ಕೆ ಹೋದೆವು. ಆ ವೃದ್ಧೆಯು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಸೆರಗು ಸರಿಯಾಗಿ ಬಂದಿದೆಯೆಂದು ತೃಪ್ತಿಪಟ್ಟಳು. ಬಳಿಕ ಶಾಲೆಗೆ ಹೋಗುವ ಮೊಮ್ಮಗನನ್ನು ಕರೆದು, ಹಿಂಬದಿಯಲ್ಲಿ ತನ್ನ ಹೆಸರನ್ನೂ ಊರನ್ನೂ ಬರೆಯಿಸಿದಳು. ನಮ್ಮ ಟಿಪ್ಪಣಿಯ ಪುಸ್ತಕದಲ್ಲಿ ಆ ದಿನದ ಎದುರು 'ಲಂಬಾಣಿ ವೃದ್ಧೆ, ಸೀರೆಯಲ್ಲಿ' ಎಂದಿಷ್ಟೇ ಇತ್ತು. ಹುಡುಗನ ಕೈಬರಹವನ್ನು ನೋಡಿಕೊಂಡು ಅದನ್ನು ತಿದ್ದಿದೆವು. ಆ ಹೆಸರನ್ನು ಇಲ್ಲಿ ಹೇಳಲು ಆಕೆಯ ಅಪ್ಪಣೆಯನ್ನು ನಾವು ಪಡೆದಿಲ್ಲ.